ಬಾಟಲಿ ಇಳಿಸಿದ ಮೇಲೆ

ಭಾವನ ಕೈಗೆ ಬಾಟಲಿ ಏರಿಸಿದ ಮೇಲೆಯೇ ನಮ್ಮಕ್ಕ ಥಾಮ್, ಮಂಚದ ಪಕ್ಕ ಚಾಪೆ ಹಾಸಿ ಕೂತದ್ದು. ಅಲ್ಲಿಯವರೆಗೆ ಕಂಡ ಕಂಡ ನರ್ಸಿನ ಹಿಂದೆ ಸುತ್ತುತ್ತಿದ್ದಳು. ಖೋಯ್ ಭಾವನಿಗೆ ನ್ಯುಮೋನಿಯಾ ಎಂದಿದ್ದರು. ಮೈ ಕಾದ ಹೆಂಚಿನ ಹಾಗಿತ್ತು, ಕುಡಿಸಿದ ನೀರೂ ವಾಂತಿಯಾಗುತ್ತಿತ್ತು, ನನ್ನನ್ನು ನೋಡಿ ಇನ್ಯಾರದೋ ಹೆಸರು ಹಿಡಿದು ಕರೆದರು. ಹಲಗೆ ಕೊಯ್ದು ದೋಣಿ ಕಟ್ಟುವ ಆಳು, ಕಾಯಿಲೆ ಅಂತ ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಬಾಟಲಿಯ ನೀರು ತೊಟ್ಟು ತೊಟ್ಟಾಗಿ ಇಳಿಯುವುದನ್ನು ನೋಡುತ್ತ ಅಕ್ಕ, "ಇನ್ನು ಪರವಾಗಿಲ್ಲ ಸುವಾಂಗ್, ನೀನು ಹೋಗಿ ಏನಾದ್ರೂ ತಿನ್ನು" ಎಂದಳು.

ನಮ್ಮ ಕಡೆ ಆ ಬಾಟಲಿಗೆ ಸಮುದ್ರದ ನೀರು ಅನ್ನುತ್ತಾರೆ. ಮೈಕೈ ನೋವಾದರೆ, ಮದುವೆ ಮನೆಯಲ್ಲಿ ಕುಡಿದು ಸುಸ್ತಾದರೆ, ಬಾಣಂತಿಗೆ ತಲೆ ಸುತ್ತಿದರೆ, ಒಂದು ಸಮುದ್ರದ ನೀರು ಹಾಕಿಸಿಕೋ ಅನ್ನುವುದು ವಾಡಿಕೆ. ಮಾತ್ರೆ ಅಂದರೆ ತಲೆನೋವಿಗೆ, ನೆಗಡಿಗೆ ಅಂಗಡಿಯಲ್ಲಿ ಕೊಳ್ಳುವಂಥದ್ದು. ಬಾಟಲಿ ಅಂದರೆ ಚಿಕಿತ್ಸೆ. ಇನ್ನು, ಬಾಟಲಿ ಇಳಿಸಿ ಮನೆಗೆ ಕರೆದುಕೊಂಡು ಹೋಗಿ ಎಂದರೆ ಅದರ ಅರ್ಥವೇ ಬೇರೆ. ನಮ್ಮವರು ಆಸ್ಪತ್ರೆಯಲ್ಲಿ ಸಾಯಲು ಒಪ್ಪುವುದಿಲ್ಲ. ಕೊನೆಯ ಉಸಿರು ಸ್ವಂತ ಮನೆಯಲ್ಲಿ, ಹಿರಿಯರ ಪಟದ ಎದುರು ಹೋಗಬೇಕು. ಹಾಗಾಗಿ ಕೈಮೀರಿದ ಮೇಲೆ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅನ್ನುತ್ತಾರೆ. ಅದಕ್ಕಿಂತ ಹೆಚ್ಚು ಅವರೂ ಹೇಳುವುದಿಲ್ಲ, ಇವರೂ ಕೇಳುವುದಿಲ್ಲ.

ಕೆಲವು ದಿನ ಕಳೆದವು. ಜ್ವರ ಇಳಿಯಿತು. ಭಾವ ಎದ್ದು ಕೂತು ಹೊಳೆಮೀನಿನ ಗಂಜಿ ಕುಡಿದು, ಉಪ್ಪು ಕಡಿಮೆ ಎಂದು ಅಕ್ಕನ ಮೇಲೆ ಸಿಡುಕಿದರು. ಅವತ್ತೇ ಬೆಳಿಗ್ಗೆ ಡಾಕ್ಟರ ಜೊತೆ ಔಷಧಿ ವಿಭಾಗದ ಹುಡುಗಿಯೊಬ್ಬಳು ಬಂದಳು. ಕ್ವೆನ್ ಎಂದು ಹೆಸರು. ದುಂಡು ಮುಖ, ಕುತ್ತಿಗೆಯಲ್ಲಿ ಫೋಟೋ ಇರುವ ಪಟ್ಟಿ, ಪರೀಕ್ಷೆಗೆ ಹೊರಟವಳ ಹಾಗೆ ಅವಸರದ ನಡಿಗೆ. ಏನು ತಿಂದಿರಿ, ವಾಂತಿಯಾಯಿತೇ, ಜ್ವರ ಮತ್ತೆ ಬಂತೇ ಎಂದು ಭಾವನನ್ನು ಕೇಳಿದಳು. ಡಾಕ್ಟರು ಎದೆ ಬೆನ್ನು ಪರೀಕ್ಷೆ ಮಾಡಿ ಅವಳತ್ತ ತಲೆಯಾಡಿಸಿದರು. ಇಬ್ಬರೂ ಮುಂದಿನ ಮಂಚಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ನರ್ಸ್ ಬಂದು ಖಾಲಿ ಬಾಟಲಿ ಇಳಿಸಿದಳು. ಹೊಸದು ತರುತ್ತಾಳೆ ಎಂದು ನಾವು ಕಾದೆವು. ಅವಳು ಕೈಯಿಂದ ಸೂಜಿಯನ್ನೂ ಕಿತ್ತು, ಹತ್ತಿ ಒತ್ತಿ, ಒಂದು ಮಾತ್ರೆ ನುಂಗಿಸಿ ಹೋದಳು.

ಅಕ್ಕ ಓಡಿಹೋಗಿ ಕ್ವೆನ್‌ಳನ್ನು ಬಾಗಿಲಲ್ಲಿ ಹಿಡಿದಳು. ಆ ಹುಡುಗಿ ಸಿಟ್ಟಾಗಲಿಲ್ಲ. ಇಂಥ ಪ್ರಶ್ನೆ ಅವಳಿಗೆ ಹೊಸದಲ್ಲ ಅಂತ ಕಾಣುತ್ತದೆ.

"ಬಾಟಲಿಯಲ್ಲಿದ್ದದ್ದೂ ಇದೇ ಔಷಧಿ ದೊಡ್ಡಮ್ಮ, ಮಾತ್ರೆಯಲ್ಲಿರೋದೂ ಇದೇ. ಈಗ ಹೊಟ್ಟೆ ತಡ್ಕೊಳ್ಳುತ್ತಲ್ಲ, ಇನ್ನು ಸೂಜಿ ಯಾಕೆ?"

"ಎರಡೂ ಒಂದೇ ಆಗಿದ್ರೆ ಮೊದ್ಲೇ ಮಾತ್ರೆ ಕೊಡ್ಬೋದಿತ್ತಲ್ಲ ಮಗಳೇ?"

"ಆಗ ಕುಡಿದ ನೀರೂ ನಿಲ್ತಿರ್ಲಿಲ್ಲ. ಮಾತ್ರೆ ಕೊಟ್ಟಿದ್ರೆ ಸೀದಾ ಬಕೆಟ್ಟಿಗೆ ಹೋಗ್ತಿತ್ತು."

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತೇನೋ. ಒಳ್ಳೆಯ ಮನಸ್ಸಿನ ಹುಡುಗಿ, ಇನ್ನಷ್ಟು ವಿವರಿಸಿದಳು. ಸೂಜಿ ಕೈಯಲ್ಲೇ ಇದ್ದರೆ ನರ ಬಾತುಕೊಳ್ಳುತ್ತದೆ, ಅದೇ ದಾರಿಯಲ್ಲಿ ಸೋಂಕು ಒಳಗೆ ಹೋಗಬಹುದು, ಮಾತ್ರೆಯಾದರೆ ಅಗ್ಗ, ರೋಗಿ ಬೇಗ ಮನೆಗೆ ಹೋಗಬಹುದು ಎಂದಳು. ಇಷ್ಟು ಮಾತಿನಲ್ಲಿ ಅಕ್ಕನ ಕಿವಿಗೆ ಬಿದ್ದದ್ದು ಒಂದೇ.

"ಅಗ್ಗ ಅಂದ್ಳು, ಕೇಳಿಸ್ಕೊಂಡ್ಯಾ?" ಎಂದಳು ನನಗೆ.

ಬಿಸಿನೀರು ತರಲು ಹೋದಾಗ ಆ ಮಾತಿಗೆ ಇನ್ನೂ ಬಲ ಬಂತು. ಆಸ್ಪತ್ರೆಯ ಪಡಸಾಲೆಯ ಗೋಡೆಗೆ ಒಂದು ಹಲಗೆ ಹಾಕಿದ್ದರು. ನಾವು ಎಷ್ಟೋ ಸಲ ಅದರ ಮುಂದೆ ಹಾದುಹೋಗಿದ್ದರೂ ಓದಿರಲಿಲ್ಲ. ಬಾಟಲಿಯ ಚಿತ್ರ, ಅದರಿಂದ ಒಂದು ಬಾಣ, ಬಾಣದ ತುದಿಯಲ್ಲಿ ನಗುವ ಮಾತ್ರೆಯ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ, ನಮ್ಮ ಆಸ್ಪತ್ರೆಯ ಈ ಸಾಲಿನ ಉಳಿತಾಯ ಎಂದು ಬರೆದು ನಮ್ಮ ಡಾಂಗ್ ಹಣದ ಲೆಕ್ಕದಲ್ಲಿ ದೊಡ್ಡ ಮೊತ್ತ. ಸೊನ್ನೆಗಳನ್ನು ಎಣಿಸಲು ಹೋಗಿ ನಾನು ತಪ್ಪಿದೆ, ಅಕ್ಕ ಎಣಿಸಿ ಅವಳೂ ತಪ್ಪಿದಳು. ವೈದ್ಯರಿಗೂ ನರ್ಸುಗಳಿಗೂ ಅಭಿನಂದನೆಗಳು ಎಂದು ಕೊನೆಯಲ್ಲಿತ್ತು. ಅಕ್ಕ ಬಿಸಿನೀರಿನ ಫ್ಲಾಸ್ಕನ್ನು ಎದೆಗವಚಿಕೊಂಡು ಅದರ ಮುಂದೆ ಬಹಳ ಹೊತ್ತು ನಿಂತಳು.

"ಈ ದುಡ್ಡಲ್ಲಿ ನಮ್ಮನೇವ್ರ ಬಾಟಲಿದು ಎಷ್ಟು?" ಎಂದಳು.

ವಾರ್ಡಿಗೆ ಬಂದರೆ ಪಕ್ಕದ ಮಂಚದಲ್ಲಿದ್ದ ಮೀನುಕೊಳದ ಯಜಮಾನರಿಗೆ ಆಗತಾನೇ ಹೊಸ ಬಾಟಲಿ ಏರಿಸುತ್ತಿದ್ದರು. ಅವರ ಹೆಂಡತಿಯ ಕೈಯಲ್ಲಿ ಪಚ್ಚೆಯ ದಪ್ಪ ಬಳೆ. ಅಕ್ಕ ಆ ಬಾಟಲಿ ನೋಡಿದಳು, ಬಳೆ ನೋಡಿದಳು, ಆಮೇಲೆ ನಮ್ಮ ಮಂಚದ ಬರಿಯ ಕಂಬವನ್ನು ನೋಡಿದಳು. ನಮ್ಮದು ವಿಮೆ ಕಾರ್ಡಿನ ಚಿಕಿತ್ಸೆ. ದುಡ್ಡಿದ್ದವರಿಗೆ ಬಾಟಲಿ, ಕಾರ್ಡಿನವರಿಗೆ ಮಾತ್ರೆ ಎಂದು ಅವಳ ತಲೆಯಲ್ಲಿ ಜೋಡಣೆಯಾಗುತ್ತಿರುವುದು ನನಗೆ ಗೊತ್ತಾಯಿತು. ನನಗೂ ಹಾಗೇ ಅನ್ನಿಸತೊಡಗಿತ್ತು.

ಮಾರನೆಯ ದಿನ ಡಾಕ್ಟರು ನಗುತ್ತಲೇ ಬಂದರು. ಇವತ್ತು ಮನೆಗೆ ಕರೆದುಕೊಂಡು ಹೋಗಬಹುದು, ಮಾತ್ರೆ ಮುಗಿಯುವ ತನಕ ಬಿಡದೆ ಕೊಡಿ ಎಂದರು. ಅಕ್ಕ, ಊಟಕ್ಕೆ ಪಥ್ಯ ಏನು ಎಂದು ಕೇಳಿದಳು.

"ಪಥ್ಯ ಏನಿಲ್ಲಮ್ಮ. ಅವ್ರಿಗೆ ಏನು ಇಷ್ಟವೋ ಅದನ್ನ ತಿನ್ನಲಿ."

ನಾನು ಅಕ್ಕನ ಮುಖ ನೋಡಿದೆ. ಬಣ್ಣವೇ ಹೋಗಿತ್ತು. ನಮ್ಮ ಕಡೆ ಯಾರಿಗೆ ಇಷ್ಟವಾದದ್ದು ತಿನ್ನಲಿ ಎನ್ನುತ್ತಾರೆ ಎಂದು ಎಲ್ಲರಿಗೂ ಗೊತ್ತು. ಇನ್ನು ತಿನ್ನಲು ಬಹಳ ಊಟ ಉಳಿದಿಲ್ಲದವರಿಗೆ.

ಡಾಕ್ಟರು ಆಚೆ ಹೋದ ಮೇಲೆ, ನಡಿ, ನೇರವಾಗಿ ಕೇಳಿಬಿಡೋಣ ಎಂದೆ. ಅಕ್ಕ ನನ್ನ ತೋಳು ಬಿಗಿಯಾಗಿ ಹಿಡಿದಳು. ಕೇಳಿದರೆ ಅವರು ಹೇಳುತ್ತಾರೆ, ಹೇಳಿದರೆ ಭಾವನ ಕಿವಿಗೆ ಬೀಳುತ್ತದೆ, ಅವರ ಧೈರ್ಯ ಅಷ್ಟಕ್ಕೇ ಕುಸಿಯುತ್ತದೆ, ಬೇಡ ಎಂದಳು. ಅತ್ತ ಭಾವ ಮಂಚದ ಅಂಚಿನಲ್ಲಿ ಕೂತು ಕಾಲು ಆಡಿಸುತ್ತ, ದಾರಿಯಲ್ಲಿ ಐಸ್ ಹಾಕಿದ ಹಾಲಿನ ಕಾಫಿ ಕುಡಿದೇ ಹೋಗುವುದು ಎಂದು ಪಕ್ಕದವರ ಹತ್ತಿರ ಹೇಳುತ್ತಿದ್ದರು. ಕೆನ್ನೆಗೆ ಕೆಂಪು ಬಂದಿತ್ತು.

"ನೋಡಕ್ಕ, ಎಷ್ಟು ಚೆನ್ನಾಗಿದಾರೆ" ಎಂದೆ.

"ಆರೋ ದೀಪ ಒಂದ್ಸಲ ಜೋರಾಗಿ ಉರಿಯುತ್ತೆ" ಎಂದಳು ಅಕ್ಕ. "ಅಮ್ಮ ಹೋಗೋ ಮುಂಚೆ ಎದ್ದು ಕೂತು ತಲೆ ಬಾಚಿಸ್ಕೊಳ್ಲಿಲ್ವಾ?"

ಅಮ್ಮ ಬಾಚಿಸಿಕೊಂಡದ್ದು ನಿಜ. ಬಾಚಿದವಳು ನಾನೇ. ಅದಾದ ಮೇಲೆ ನನಗೂ ಭಾವನ ಕೆಂಪು ಕೆನ್ನೆ ನೋಡಿದರೆ ಆರುವ ದೀಪವೇ ನೆನಪಾಗತೊಡಗಿತು. ಅವರು ಕೆಮ್ಮಿದರೂ ಹೆದರಿಕೆ, ನಕ್ಕರೂ ಹೆದರಿಕೆ.

ಮನೆಗೆ ಬಂದೆವು. ಬಾಟಲಿ ಇಲ್ಲದೆ ಬಂದದ್ದನ್ನು ಮನೆ ಮುಂದಿನ ಕಾಲುವೆಯ ಎರಡೂ ದಡದವರು ನೋಡಿದರು. ಸಂಜೆಯೊಳಗೆ ಜನ ಬರತೊಡಗಿದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹಾಲಿನ ಡಬ್ಬಿ. ಬಂದವರು ಚಪ್ಪಲಿ ಸದ್ದಾಗದಂತೆ ಬಿಟ್ಟು, ಮೆಲ್ಲಗೆ ಮಾತಾಡಿ, ಭಾವ ಏನು ಹೇಳಿದರೂ ಹೌದು ಹೌದು ಎನ್ನುತ್ತಿದ್ದರು. ಹಲಗೆಯ ಬೆಲೆಗಾಗಿ ಅವರ ಜೊತೆ ವರ್ಷವಿಡೀ ಜಗ್ಗಾಡುವ ಮರದ ವ್ಯಾಪಾರಿ ಕೂಡ ಬಂದು, ನೀವು ಹೇಳಿದ್ದೇ ಸರಿಯಾದ ಬೆಲೆ ಎಂದು ಕಣ್ಣೊರೆಸಿಕೊಂಡು ಹೋದ. ಅಡುಗೆಮನೆಯಲ್ಲಿ ಭಾವನ ದೊಡ್ಡತ್ತೆ ಬಿಳಿ ಬಟ್ಟೆ ತರಿಸಿ, ಸಾವಾದರೆ ಮನೆಯವರು ತಲೆಗೆ ಕಟ್ಟುವ ಅಗಲಕ್ಕೆ ಹರಿಯುತ್ತಿದ್ದರು. ಬಟ್ಟೆ ಹರಿಯುವ ಸದ್ದು ಹೊರಗೆ ಕೇಳದಿರಲಿ ಎಂದು ಜೊತೆಜೊತೆಗೇ ಕೆಮ್ಮುತ್ತಿದ್ದರು.

ಅಕ್ಕ ಮಾತ್ರೆ ಕೊಡುತ್ತಿದ್ದಳು, ಆದರೆ ದೇವರಿಗೆ ಹೂವಿಟ್ಟ ಹಾಗೆ, ಇಟ್ಟರೂ ಆಯಿತು ಬಿಟ್ಟರೂ ಆಯಿತು ಎಂಬಂತೆ. ಒಂದು ಹೊತ್ತು ಕೊಟ್ಟರೆ ಇನ್ನೊಂದು ಹೊತ್ತು ಜನರ ಗದ್ದಲದಲ್ಲಿ ಮರೆತುಬಿಡುತ್ತಿದ್ದಳು. ನಾನೂ ನೆನಪಿಸಲಿಲ್ಲ. ನಮ್ಮಿಬ್ಬರ ತಲೆಯಲ್ಲೂ ಆ ಮಾತ್ರೆಗಳು ಆಸ್ಪತ್ರೆಯವರು ಮುಖ ಉಳಿಸಿಕೊಳ್ಳಲು ಕೊಟ್ಟದ್ದು ಎಂದೇ ಆಗಿತ್ತು.

ಒಂದು ಮಧ್ಯಾಹ್ನ ಭಾವ ನನ್ನನ್ನು ಒಬ್ಬಳನ್ನೇ ಹತ್ತಿರ ಕರೆದರು.

"ನಿಮ್ಮಕ್ಕ ಕಾಫಿಗೆ ಕೇಳಿದಷ್ಟು ಹಾಲು ಹಾಕ್ತಿದಾಳೆ. ಬೈತಾನೇ ಇಲ್ಲ. ಏನಾಗಿದೆ ಅವಳಿಗೆ?"

ಏನಿಲ್ಲ ಭಾವ ಎಂದೆ.

"ಡಾಕ್ಟ್ರು ಸರಿಯಾಗಿ ಹೇಳಿದ್ದೇನು?"

"ಮನೆಗೆ ಹೋಗ್ಬಹುದು ಅಂದ್ರು."

"ಅಷ್ಟೇನಾ?"

"ಇಷ್ಟವಾದದ್ದು ತಿನ್ನಿ ಅಂದ್ರು."

ಸುಳ್ಳು ಹೇಳದೆ ಇರಬೇಕೆಂದು ನಿಜವನ್ನೇ ಹೇಳಿದೆ. ಭಾವ ಲೋಟ ಕೆಳಗಿಟ್ಟರು. ಗೋಡೆಯ ಮೇಲಿದ್ದ ತಮ್ಮ ಅಪ್ಪನ ಪಟದ ಕಡೆ ನೋಡಿ, ಸ್ವಲ್ಪ ಹೊತ್ತಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಬೆಳಿಗ್ಗೆ ಅಂಗಳದಲ್ಲಿ ನಡೆದಾಡಿದ್ದ ಮನುಷ್ಯ ಸಂಜೆ ಏಳಲಿಲ್ಲ. ಎದೆ ಭಾರ, ಉಸಿರು ಸಾಲದು ಎಂದರು. ಅದು ಕಾಯಿಲೆಯೋ, ಭಯವೋ, ತಪ್ಪಿಹೋದ ಮಾತ್ರೆಗಳ ಫಲವೋ, ನಮಗೆ ಯಾರಿಗೂ ಗೊತ್ತಾಗಲಿಲ್ಲ. ಅಕ್ಕ ಮಾತ್ರ, ನಾನು ಹೇಳಲಿಲ್ಲವೇ ಎಂಬಂತೆ ನನ್ನತ್ತ ನೋಡಿದಳು.

ಮಾರನೆಯ ಬೆಳಿಗ್ಗೆ ಲುವಾನ್ ಬಂದರು.

ಲುವಾನ್ ಅಂದರೆ ಭಾವನ ಅಣ್ಣ. ಕಾಲುವೆಯ ಆಚೆ ದಡದಲ್ಲೇ ಮನೆ. ಇಬ್ಬರೂ ದೋಣಿ ಕಟ್ಟುವವರೇ, ಒಬ್ಬರ ಸುತ್ತಿಗೆಯ ಸದ್ದು ಇನ್ನೊಬ್ಬರಿಗೆ ಕೇಳುತ್ತದೆ. ಆದರೆ ಅವರ ಅಪ್ಪ ತೀರಿಕೊಂಡಾಗಿನಿಂದ ಮಾತಿಲ್ಲ. ಆ ಮುದುಕರನ್ನು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋಗಿ ಎಂದಾಗ ಭಾವ ಹೊಸ ದೋಣಿ ಒಪ್ಪಿಸಲು ಹೊಳೆಯ ಕೆಳಗಡೆ ದೂರ ಹೋಗಿದ್ದರು. ದಾರಿಯಲ್ಲೇ ಉಸಿರು ಹೋಗದಿರಲೆಂದು ಬಾಟಲಿ ಇಟ್ಟುಕೊಂಡೇ ಲುವಾನ್ ಒಬ್ಬರೇ ಅಪ್ಪನನ್ನು ಕರೆತಂದು, ಪದ್ಧತಿಯಂತೆ ಪಟದ ಎದುರು ಮಲಗಿಸಿದ ಮೇಲೆ ತಮ್ಮ ಕೈಯಿಂದಲೇ ಬಾಟಲಿಯ ನಳಿಕೆ ತೆಗೆದರು. ಭಾವ ಬಂದಾಗ ಊದುಬತ್ತಿ ಉರಿಯುತ್ತಿತ್ತು. ಎಲ್ಲರ ಎದುರು, "ನಳಿಕೆ ಕಿತ್ತೋನು ನೀನು" ಎಂದರು. ಆ ಒಂದು ಮಾತು ಇಬ್ಬರ ನಡುವೆ ಕಾಲುವೆಗಿಂತ ಅಗಲವಾಗಿ ನಿಂತುಬಿಟ್ಟಿತ್ತು.

ಈಗ ಅದೇ ಲುವಾನ್ ಹೊಸಿಲ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅಕ್ಕ ಒಳಗೆ ಬನ್ನಿ ಎಂದಳು. ಬಂದು ತಮ್ಮನ ಮಂಚದ ಬಳಿ ನಿಂತರು. ಭಾವ ಕಣ್ಣು ತೆರೆದು, ಅಣ್ಣನನ್ನು ಕಂಡು, ಇನ್ನು ಸಂಶಯವೇ ಉಳಿಯಲಿಲ್ಲ ಎಂಬಂತೆ ಕಣ್ಣು ಮುಚ್ಚಿದರು. ಲುವಾನ್ ತಮ್ಮನ ಕೈ ಹಿಡಿದರು. ಆ ಕೈಯನ್ನು ಮಗುಚಿ ನೋಡಿದರು. ಸೂಜಿ ಇದ್ದ ಜಾಗದಲ್ಲಿ ನೀಲಿ ಕಲೆ ಇತ್ತು.

"ಬಾಟಲಿ ಯಾಕಿಲ್ಲ?" ಎಂದು ಅಕ್ಕನನ್ನು ಕೇಳಿದರು.

ಆಸ್ಪತ್ರೆಯವರು ತೆಗೆದರು, ಮಾತ್ರೆ ಸಾಕು ಎಂದರು, ಅದು ಅಗ್ಗವಂತೆ ಎಂದು ಅಕ್ಕ ಹೇಳಿದಳು. ಗೋಡೆಯ ಹಲಗೆಯ ವಿಷಯವನ್ನೂ ಹೇಳಿದಳು. ಲುವಾನ್ ಕೇಳಿಸಿಕೊಂಡು ಟೋಪಿ ತಲೆಗಿಟ್ಟರು.

"ಈ ಸಲ ಹಾಗೆ ಬಿಡೋದಿಲ್ಲ" ಎಂದಷ್ಟೇ ಹೇಳಿ ಹೊರಟರು.

ತಿರುಗಿ ಬಂದಾಗ ಜೊತೆಗೆ ಮುದುಕ ಬಾಂಗ್ ಇದ್ದರು. ಅವರು ಹಿಂದೆ ಸೈನ್ಯದಲ್ಲಿ ಗಾಯಾಳುಗಳಿಗೆ ಪಟ್ಟಿ ಕಟ್ಟುತ್ತಿದ್ದವರು. ಈಗ ಮನೆಮನೆಗೆ ಹೋಗಿ ಸಮುದ್ರದ ನೀರು ಹಾಕುತ್ತಾರೆ. ನಮ್ಮ ಊರಲ್ಲಿ ಅವರ ಬಾಟಲಿ ಹಾಕಿಸಿಕೊಳ್ಳದವರು ಕಡಿಮೆ. ಚೀಲದಿಂದ ಬಾಟಲಿ ತೆಗೆದು, ಅದಕ್ಕೆ ಕೆಂಪನೆಯ ಸತ್ವವೊಂದನ್ನು ಬೆರೆಸಿ, ಸೊಳ್ಳೆಪರದೆಯ ಮೊಳೆಗೆ ತೂಗುಹಾಕಿದರು. ಕೆಂಪು ನೀರು ನಳಿಕೆಯಲ್ಲಿ ಇಳಿಯತೊಡಗಿದಾಗ ಮನೆಯೊಳಗಿದ್ದವರ ಉಸಿರು ಹಗುರಾಯಿತು. ಅಡುಗೆಮನೆಯಲ್ಲಿ ಬಟ್ಟೆ ಹರಿಯುವುದು ನಿಂತಿತು. ಅಕ್ಕ ಎಷ್ಟೋ ದಿನದ ಮೇಲೆ ಅನ್ನದ ತಟ್ಟೆ ಮುಂದಿಟ್ಟುಕೊಂಡಳು. ಮುಗಿಯುವ ಹೊತ್ತಿಗೆ ಬರುತ್ತೇನೆ, ಇನ್ನೊಂದು ಮನೆಯಲ್ಲಿ ಬಾಣಂತಿ ಕಾಯುತ್ತಿದ್ದಾಳೆ ಎಂದು ಬಾಂಗ್ ಸೈಕಲ್ ಹತ್ತಿದರು.

ಅಕ್ಕ ತಟ್ಟೆ ಮುಗಿಸಿರಲಿಲ್ಲ. ಭಾವನ ಹಲ್ಲು ಕಟಕಟ ಎನ್ನುವ ಸದ್ದು ಕೇಳಿಸಿತು. ಮೊದಲು ಚಳಿ ಎಂದರು. ಹೊದಿಕೆ ಹಾಕಿದೆವು, ಇನ್ನೊಂದು ಹಾಕಿದೆವು. ಮಂಚದ ಹಲಗೆಯೇ ಅಲುಗಾಡುವಷ್ಟು ನಡುಕ ಹತ್ತಿತು. ತುಟಿ ಕಪ್ಪಿಟ್ಟಿತು. ಅಕ್ಕ ಕಾಲು ಉಜ್ಜುತ್ತ, ಔಷಧಿ ಕೆಲಸ ಮಾಡುತ್ತಿದೆಯೋ ಏನೋ ಎಂದಳು. ದೊಡ್ಡತ್ತೆ, ಕೊನೆಯ ಹೊತ್ತು ಬಂತು, ಎಲ್ಲರನ್ನೂ ಕರೆಯಿರಿ ಎಂದರು. ಬಾಂಗ್‌ರನ್ನು ಹುಡುಕಿ ತನ್ನಿ ಎಂದು ಯಾರೋ ಕೂಗಿದರು. ಯಾವ ಬಾಣಂತಿಯ ಮನೆ ಎಂದು ಯಾರಿಗೂ ಗೊತ್ತಿರಲಿಲ್ಲ.

ನಾನು ಲುವಾನ್‌ರನ್ನೇ ನೋಡುತ್ತಿದ್ದೆ. ಅವರ ಕೈ ನಳಿಕೆಯ ಹತ್ತಿರ ಹೋಯಿತು, ಹಿಂದೆ ಬಂತು. ಮತ್ತೆ ಹೋಯಿತು. ಮುಖದ ಮೇಲೆ ಬೆವರು ಹರಿಯುತ್ತಿತ್ತು. ನೀರು ನಿಲ್ಲಿಸಬೇಕು ಎಂದು ಅವರಿಗೆ ಅನ್ನಿಸಿತ್ತು, ನನಗೂ ಅನ್ನಿಸಿತ್ತು. ಆದರೆ ತಮ್ಮನ ಮನೆಯಲ್ಲಿ, ಅಪ್ಪನ ಪಟದ ಎದುರು, ಮತ್ತೆ ನಳಿಕೆಗೆ ಕೈ ಹಾಕುವುದು ಅವರಿಂದ ಆಗುತ್ತಿರಲಿಲ್ಲ.

"ಏನ್ಮಾಡ್ಲಿ?" ಎಂದರು. ಯಾರನ್ನು ಕೇಳಿದರೋ ತಿಳಿಯಲಿಲ್ಲ.

ನಡುಗುತ್ತಿದ್ದ ಭಾವ ತಲೆ ಎತ್ತಿದರು. ಹಲ್ಲುಗಳ ನಡುವಿನಿಂದ ಮಾತು ತುಂಡುತುಂಡಾಗಿ ಬಂತು.

"ಕಿತ್ತುಹಾಕಣ್ಣ. ನೀನೇ ಕೀಳು."

ಲುವಾನ್ ಕಿತ್ತರು. ನೆಲದ ಮೇಲೆ ಕೆಂಪು ನೀರು ಚೆಲ್ಲಿತು, ಭಾವನ ಕೈಯಿಂದ ರಕ್ತ ಬಂತು. ನಾನು ನನ್ನ ಕತ್ತಿನ ಬಟ್ಟೆ ಸುತ್ತಿ ಒತ್ತಿ ಹಿಡಿದೆ. ಆಮೇಲೆ ಯಾರ ಮಾತಿಗೂ ಕಾಯದೆ ಲುವಾನ್ ತಮ್ಮನನ್ನು ಎತ್ತಿಕೊಂಡು ಹೋಗಿ ಮೋಟಾರು ಬೈಕಿನ ಮೇಲೆ ಕೂರಿಸಿದರು. ಮುಂದೆ ಅವರು, ನಡುವೆ ಭಾವ, ಹಿಂದಿನಿಂದ ಅವರನ್ನು ಅಪ್ಪಿ ಹಿಡಿದುಕೊಂಡು ನಾನು. ದಾರಿಯುದ್ದಕ್ಕೂ ಭಾವನ ನಡುಕ ನನ್ನ ಪಕ್ಕೆಲುಬಿಗೆ ಬಡಿಯುತ್ತಿತ್ತು. ಸೇತುವೆ ಹತ್ತುವಾಗ ಅವರ ಹಣೆ ಅಣ್ಣನ ಬೆನ್ನಿಗೆ ಒರಗಿತು.

ಆಸ್ಪತ್ರೆಯಲ್ಲಿ ಡಾಕ್ಟರು ನಗಲಿಲ್ಲ. ಏನು ಹಾಕಿದಿರಿ, ಯಾರು ಹಾಕಿದರು, ಮಾತ್ರೆ ಎಷ್ಟು ಉಳಿದಿದೆ ಎಂದು ಒಂದರ ಮೇಲೊಂದು ಕೇಳಿದರು. ಮಾತ್ರೆ ಇರಬೇಕಾದದ್ದಕ್ಕಿಂತ ಹೆಚ್ಚು ಉಳಿದಿತ್ತು. ಒಂದು ಚುಚ್ಚುಮದ್ದು ಕೊಟ್ಟು, ಮೂಗಿಗೆ ಆಕ್ಸಿಜನ್ ಇಟ್ಟು ನೋಡಿದರು. ನಿಧಾನಕ್ಕೆ ನಡುಕ ನಿಂತಿತು, ತುಟಿಗೆ ಬಣ್ಣ ಬಂತು. ಬಾಟಲಿಯ ನೀರಿನಿಂದಲೇ ಹೀಗಾದದ್ದು, ನೀರಿನಲ್ಲೋ ನಳಿಕೆಯಲ್ಲೋ ಕೊಳೆ ಇದ್ದರೆ ಹೀಗಾಗುತ್ತದೆ, ತೆಗೆಯದಿದ್ದರೆ ಜೀವಕ್ಕೆ ಅಪಾಯವಿತ್ತು ಎಂದರು. ಹಿಂದಿನಿಂದ ಬಸ್ಸಿನಲ್ಲಿ ಬಂದ ಅಕ್ಕ ಆಗತಾನೇ ಒಳಗೆ ಕಾಲಿಟ್ಟಿದ್ದಳು. ಗೋಡೆಗೆ ಒರಗಿ ಕೇಳಿದಳು:

"ಹಾಗಾದ್ರೆ ಅವ್ರು ಸಾಯೋದಿಲ್ವಾ?"

ಡಾಕ್ಟರು ಅವಳನ್ನು ನೋಡಿದರು. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸಾಯುತ್ತಾರೆ ಎಂದು ನಿಮಗೆ ಯಾರು ಹೇಳಿದರು ಎಂದರು. ಯಾರೂ ಹೇಳಿರಲಿಲ್ಲ. ಅಕ್ಕ ನನ್ನ ಕಡೆ ತಿರುಗಿದಳು, ನಾನು ಲುವಾನ್ ಕಡೆ ನೋಡಿದೆ, ಅವರು ನೆಲ ನೋಡಿದರು.

ಭಾವನನ್ನು ಅದೇ ವಾರ್ಡಿನಲ್ಲಿ ಮಲಗಿಸಿದರು. ಮೀನುಕೊಳದ ಯಜಮಾನರು ಇನ್ನೂ ಅಲ್ಲೇ ಇದ್ದರು, ಕೈಯಲ್ಲಿ ಬಾಟಲಿ. ಅವರ ಹೆಂಡತಿ ನನ್ನನ್ನು ಕಂಡು ಬಳಿ ಬಂದು ಕೂತರು. ತಿಂದದ್ದೊಂದೂ ನಿಲ್ಲುತ್ತಿಲ್ಲ, ಅದಕ್ಕೇ ಮಾತ್ರೆಗೆ ಬದಲಾಯಿಸಲು ಆಗುವುದಿಲ್ಲವಂತೆ ಎಂದು ಕೊರಳ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡರು. "ನಿಮ್ಮವ್ರಿಗೆ ಬಾಟಲಿ ಇಳಿಸಿದ ದಿನ ನಂಗೆ ಎಷ್ಟು ಹೊಟ್ಟೆಕಿಚ್ಚಾಯ್ತು ಗೊತ್ತಾ" ಎಂದರು. ನಾನು ಅವರ ಪಚ್ಚೆಯ ಬಳೆಯನ್ನು ನೋಡುತ್ತ ಕೂತೆ.

ಸಂಜೆ ಕ್ವೆನ್ ಬಂದಳು. ಯಾರೋ ಅವಳಿಗೆ ನಡೆದದ್ದನ್ನು ಹೇಳಿದ್ದರು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಮಂಚದ ಬಳಿ ಕುಕ್ಕರುಗಾಲಲ್ಲಿ ಕೂತು ಅಕ್ಕನ ಕೈ ಹಿಡಿದು, ನಾನು ಅವತ್ತು ಸರಿಯಾಗಿ ಹೇಳಲಿಲ್ಲವೇ ದೊಡ್ಡಮ್ಮ ಎಂದು ಕೇಳಿದಳು. ನೀನು ಎಲ್ಲ ಹೇಳಿದ್ದೆ ಮಗಳೇ, ಅದೇ ಕಷ್ಟವಾದದ್ದು ಎಂದಳು ಅಕ್ಕ. ಕ್ವೆನ್ ಮತ್ತೆ ಮೊದಲಿನಿಂದ ವಿವರಿಸಿದಳು. ಭಾವ ಗುಣವಾಗುತ್ತಿದ್ದರು, ಅದಕ್ಕೇ ಬಾಟಲಿ ತೆಗೆದದ್ದು. ಗುಣವಾಗದೆ ಇದ್ದರೆ ತೆಗೆಯುತ್ತಿರಲಿಲ್ಲ.

ಅಷ್ಟು ಹೊತ್ತು ಕಿಟಕಿಯ ಬಳಿ ನಿಂತಿದ್ದ ಲುವಾನ್ ಹತ್ತಿರ ಬಂದರು.

"ಒಂದು ಮಾತು ಕೇಳ್ತೀನಿ ಮಗಳೇ. ಗೋಡೆ ಮೇಲೆ ಬರ್ದಿದೀರಲ್ಲ, ಉಳಿತಾಯ ಅಂತ. ಅದು ಯಾರಿಗೆ ಉಳೀತು?"

"ಆಸ್ಪತ್ರೆಗೆ, ವಿಮೆಗೆ. ನಿಮ್ಗೂ ಉಳೀತಲ್ಲ, ಇಲ್ಲಿ ಬಿದ್ದಿರೋ ದಿನ."

"ಮಾತ್ರೆ ದುಬಾರಿ ಆಗಿದ್ದು ಬಾಟಲಿ ಅಗ್ಗ ಆಗಿದ್ರೆ? ಆಗ್ಲೂ ಬಾಟಲಿ ತೆಗೀತಿದ್ರಾ?"

ಕ್ವೆನ್ ಕುತ್ತಿಗೆಯ ಪಟ್ಟಿಯನ್ನು ಸರಿಮಾಡಿಕೊಂಡಳು. ಆಮೇಲೆ, "ತೆಗೀಬೇಕು ದೊಡ್ಡಪ್ಪ, ಅದೇ ಒಳ್ಳೇದು" ಎಂದಳು. ಸ್ವಲ್ಪ ಬಿಟ್ಟು, "ಆದ್ರೆ ಗೋಡೆ ಮೇಲೆ ಹಲಗೆ ಹಾಕ್ತಿರ್ಲಿಲ್ಲ ಅನ್ಸುತ್ತೆ" ಎಂದಳು.

ಆ ಹುಡುಗಿಯ ಮೇಲೆ ನನಗೆ ನಂಬಿಕೆ ಬಂದದ್ದು ಆ ಮಾತಿನಿಂದ. ಲುವಾನ್‌ರಿಗೂ ಬಂದಿರಬೇಕು. ಇಲ್ಲದಿದ್ದರೆ ಮುಂದಿನದನ್ನು ಕೇಳುತ್ತಿರಲಿಲ್ಲ.

"ನಮ್ಮಪ್ಪನಿಗೂ ಇಲ್ಲೇ ಬಾಟಲಿ ಹಾಕಿದ್ರು. ಮನೆಗೆ ಕರ್ಕೊಂಡು ಹೋಗಿ ಅಂದ್ರು, ಕರ್ಕೊಂಡು ಹೋದೆ. ನಳಿಕೆ ನಾನೇ ತೆಗ್ದೆ. ಅವತ್ತು ಅವ್ರು ಹೇಳಿದ್ದು ಸಾಯ್ತಾರೆ ಅಂತಲೋ, ವಾಸಿಯಾಗ್ತಾರೆ ಅಂತಲೋ?"

ಭಾವ ಎಚ್ಚರವಾಗಿದ್ದರು. ಮುಖ ಆಚೆ ತಿರುಗಿಸಿರಲಿಲ್ಲ. ಕ್ವೆನ್ ಕಾಯಿಲೆ ಏನಿತ್ತು ಎಂದು ಕೇಳಿದಳು. ಹೊಟ್ಟೆ ಊದಿತ್ತು ಎಂದರು ಲುವಾನ್. ಎಚ್ಚರವಿತ್ತೇ, ಊಟ ಮಾಡುತ್ತಿದ್ದರೇ ಎಂದು ಕೇಳಿದಳು. ಕೆಲವು ಸಲ ಗುರುತು ಹಿಡಿಯುತ್ತಿದ್ದರು, ಕೆಲವು ಸಲ ಇಲ್ಲ. ಒಂದು ದಿನ ಎಳನೀರು ಕೇಳಿ ಕುಡಿದಿದ್ದರು. ಅವಳು ಯೋಚಿಸಿದಳು. ನಾನು ಅವರನ್ನು ನೋಡಿಲ್ಲ, ನನಗೆ ಗೊತ್ತಿಲ್ಲ ದೊಡ್ಡಪ್ಪ, ನೀವು ಹೇಳುವುದು ಕೇಳಿದರೆ ಬಹುಶಃ ಉಳಿಯುತ್ತಿರಲಿಲ್ಲ, ಆದರೆ ಗೊತ್ತು ಎಂದು ಹೇಳಲಾರೆ ಎಂದಳು. ಲುವಾನ್ ತಲೆಯಾಡಿಸಿದರು. ಸಮಾಧಾನವಾಯಿತೋ ಇನ್ನಷ್ಟು ಗೊಂದಲವಾಯಿತೋ, ಅವರ ಮುಖದಿಂದ ತಿಳಿಯಲಿಲ್ಲ.

ಮತ್ತೆ ಮನೆಗೆ ಬಂದಾಗಲೂ ಭಾವನ ಕೈಯಲ್ಲಿ ಬಾಟಲಿ ಇರಲಿಲ್ಲ. ಈ ಸಲ ಅಕ್ಕ ಮಾತ್ರೆಯ ಹೊತ್ತು ತಪ್ಪಿಸಲಿಲ್ಲ. ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದಳು. ಹಾಲಿನ ಜೊತೆ ಆ ಮಾತ್ರೆ ಕೊಡಬೇಡಿ ಎಂದು ಕ್ವೆನ್ ಹೇಳಿದ್ದರಿಂದ ಬಂದವರೆಲ್ಲ ಕೊಟ್ಟ ಹಾಲಿನ ಡಬ್ಬಿಗಳನ್ನು ಮಂಚದ ಕೆಳಗೆ ದೂಡಿದಳು, ಕಾಫಿಗೆ ಮತ್ತೆ ಬೈಯತೊಡಗಿದಳು. ಭಾವ ದಿನದಿನಕ್ಕೆ ಗಟ್ಟಿಯಾದರು.

ಆದರೆ ಊರಿನವರಿಗೆ ಏನು ಹೇಳುವುದು? ಸಾಯುತ್ತಾರೆಂದು ಬಂದು ಅತ್ತವರು ದಾರಿಯಲ್ಲಿ ಸಿಕ್ಕಿದರೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು. ಮರದ ವ್ಯಾಪಾರಿ ಮೊದಲಿನ ಬೆಲೆಗೇ ಮರಳಿದ. ಬಾಂಗ್ ಬಂದು, ನಡುಕ ಬಂದದ್ದೇ ಒಳ್ಳೆಯದಾಯಿತು, ಒಳಗಿದ್ದ ವಿಷವೆಲ್ಲ ಅದರಲ್ಲಿ ಹೊರಗೆ ಹೋಯಿತು, ನನ್ನ ಅರ್ಧ ಬಾಟಲಿಯೇ ಇಷ್ಟು ಕೆಲಸ ಮಾಡಿತು ಎಂದರು. ಅವರಿಗೆ ಅಕ್ಕ ಚಹಾ ಕೊಟ್ಟಳು, ಜವಾಬು ಕೊಡಲಿಲ್ಲ. ದೊಡ್ಡತ್ತೆ, ಪಟಕ್ಕೆ ತಾವು ಹೊತ್ತ ಹರಕೆಯಿಂದ ಎಂದರು. ಒಂದು ದಿನ ಅಕ್ಕ ಪಾತ್ರೆ ತೊಳೆಯುತ್ತ, "ನಿಜವಾಗ್ಲೂ ಯಾವುದ್ರಿಂದ ವಾಸಿಯಾಯ್ತೇ?" ಎಂದು ಕೇಳಿದಳು. ಮಾತ್ರೆಯಿಂದ ಎಂದೆ. ಬಾಟಲಿಯೂ ಮೊದಲು ಹಾಕಿದ್ದರಲ್ಲ ಎಂದಳು. ಹೌದು, ಅದೂ ಎಂದೆ. ಹಾಗಾದರೆ ಬಾಂಗ್ ಹಾಕಿದ ಬಾಟಲಿ ಯಾಕೆ ಹಾಗೆ ಮಾಡಿತು ಎಂದಳು. ನಾನು ಮತ್ತೆ ಮೊದಲಿನಿಂದ ಹೇಳಲು ಹೊರಟೆ, ಅರ್ಧಕ್ಕೆ ಬಿಟ್ಟೆ.

ಲುವಾನ್ ಆಗಾಗ ದೋಣಿ ಹಾಕಿಕೊಂಡು ಈಚೆ ದಡಕ್ಕೆ ಬರುತ್ತಿದ್ದರು. ತಮ್ಮ ಮಲಗಿದ್ದಾಗ ಹಿಡಿದ ಕೈಯನ್ನು ತಮ್ಮ ಎದ್ದು ಕೂತ ಮೇಲೆ ಹೇಗೆ ಹಿಡಿಯುವುದೆಂದು ಅವರಿಗೆ ತೋಚದು. ಅಂಗಳದಲ್ಲಿ ಕೂತು, ಮಾತ್ರೆ ನುಂಗಿದನೇ ಎಂದು ಅಕ್ಕನನ್ನು ಕೇಳಿ, ಚಹಾ ಕುಡಿದು ಹೋಗುವರು. ಭಾವನೂ ಅಲ್ಲೇ ಕೂತಿರುವರು, ಉತ್ತರ ಅಕ್ಕನೇ ಹೇಳಬೇಕು.

ಮಳೆಗಾಲ ಮುಗಿದ ಮೇಲೆ ಅವರ ಅಪ್ಪನ ತಿಥಿ ಬಂತು. ಅದು ನಡೆಯುವುದು ಲುವಾನ್ ಮನೆಯಲ್ಲಿ. ಭಾವ ಇಷ್ಟು ವರ್ಷ ತಮ್ಮ ಮನೆಯಲ್ಲೇ ಬೇರೆಯಾಗಿ ಊದುಬತ್ತಿ ಹಚ್ಚುತ್ತಿದ್ದರು. ಆ ವರ್ಷ ಬೆಳಿಗ್ಗೆ ಎದ್ದು ಒಳ್ಳೆಯ ಅಂಗಿ ಹಾಕಿಕೊಂಡು, ಅಕ್ಕನಿಗೂ ಹೇಳದೆ ದೋಣಿಯಲ್ಲಿ ಹೋಗಿ ಕೂತರು. ನಾವು ಹಣ್ಣಿನ ಬುಟ್ಟಿ ಹಿಡಿದು ಹಿಂದೆ ಓಡಿದೆವು. ಆಚೆ ಮನೆಯಲ್ಲಿ ಊದುಬತ್ತಿ ಹಚ್ಚಿ, ಪಟಕ್ಕೆ ತಲೆಬಾಗಿ, ಅಣ್ಣನ ಎದುರು ಚಾಪೆಯ ಮೇಲೆ ಕೂತರು. ಲುವಾನ್ ಅವರ ಲೋಟಕ್ಕೆ ಚಹಾ ಬಗ್ಗಿಸಿದರು.

"ಅವತ್ತು ನಾನು ಇದ್ದಿದ್ರೂ, ಏನು ಮಾಡ್ಬೇಕು ಅಂತ ನಂಗೂ ಗೊತ್ತಿರ್ತಿರ್ಲಿಲ್ಲ" ಎಂದರು ಭಾವ.

ಲುವಾನ್ ಎದ್ದು ಒಳಗೆ ಹೋದರು. ಸಿಟ್ಟಾದರೋ ಎಂದು ಅಕ್ಕ ನನ್ನ ಕೈ ಹಿಸುಕಿದಳು. ಅವರು ಬೇಯಿಸಿದ ಮೀನಿನ ತಟ್ಟೆ ತಂದು ತಮ್ಮನ ಮುಂದಿಟ್ಟು, ಎಲ್ಲಕ್ಕಿಂತ ರುಚಿಯಾದ ಹೊಟ್ಟೆಯ ಭಾಗದ ತುಂಡನ್ನು ಆರಿಸಿ ಅವರ ಬಟ್ಟಲಿಗೆ ಹಾಕಿದರು. ಆಮೇಲೆ ಭಾವ ಆಗ ಕಟ್ಟುತ್ತಿದ್ದ ದೋಣಿಯ ಮೂತಿ ಬಹಳ ಚೂಪಾಯಿತು, ಅಲೆಗೆ ತಡೆಯುವುದಿಲ್ಲ ಎಂದರು. ಭಾವ ತಡೆಯುತ್ತದೆ ಎಂದರು. ಮಧ್ಯಾಹ್ನದವರೆಗೂ ಅದರದ್ದೇ ವಾದ ನಡೆಯಿತು.